ಕರೆದರೆ ತಿರುಗದ ಅಪ್ಪ

ನಮ್ಮ ಮನೆಯಲ್ಲಿ ಹಗಲು ಹೊತ್ತು ಯಾರೂ ದನಿ ತೆಗೆದು ಮಾತಾಡುತ್ತಿರಲಿಲ್ಲ. ಭದ್ರಾವತಿಯ ಅಂಚಿನಲ್ಲಿ ಕಬ್ಬಿಣ ಕಾಯಿಸಿ ಬಡಿದು ಗಾಡಿಯ ಬಿಡಿಭಾಗ ಮಾಡುವ ಒಂದು ಶೆಡ್ಡು ಇತ್ತು. ಅದರ ಹಿಂದೆ ಕೆಲಸಗಾರರಿಗೆಂದು ಕಟ್ಟಿದ ಲೈನ್ ಮನೆಗಳು. ಒಂದು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಅಷ್ಟೇ ನಮ್ಮ ಮನೆ. ಅಪ್ಪ ಶೆಡ್ಡಿನ ದೊಡ್ಡ ಹ್ಯಾಮರಿನಲ್ಲಿ, ಕಾದ ಕಬ್ಬಿಣ ಬಡಿಯುವ ಯಂತ್ರದಲ್ಲಿ, ಕೆಲಸ ಮಾಡುತ್ತಿದ್ದ. ಹೆಚ್ಚಿನ ವಾರ ಅವನಿಗೆ ನೈಟ್ ಶಿಫ್ಟು. ಬೆಳಿಗ್ಗೆ ಬಂದು, ಮಿಂದು, ಉಂಡು ಮಲಗಿದನೆಂದರೆ ಸಂಜೆಯವರೆಗೆ ಆ ಕೋಣೆ ಅವನದು. ಅಮ್ಮ ಕಿಟಕಿಗೆ ಗೋಣಿಚೀಲ ಕಟ್ಟುತ್ತಿದ್ದಳು. ಕುಕ್ಕರ್ ಕೂಗುತ್ತದೆಂದು ಅನ್ನವನ್ನು ತಪ್ಪಲೆಯಲ್ಲೇ ಬೇಯಿಸಿ ಬಸಿಯುತ್ತಿದ್ದಳು. ಹಿಟ್ಟು ರುಬ್ಬಬೇಕಾದರೆ ಪಕ್ಕದ ಮನೆಯ ಆರ್ಮುಗಂ ಮಾಮನ ಒರಳಿಗೆ ಹೋಗುತ್ತಿದ್ದಳು. ಶುಕ್ರವಾರದ ಪೂಜೆಯಲ್ಲಿ ಗಂಟೆಯ ನಾಲಿಗೆಗೆ ಅರಿವೆ ಸುತ್ತಿ, ಸದ್ದಿಲ್ಲದ ಗಂಟೆಯನ್ನು ದೇವರ ಮುಂದೆ ಅಲ್ಲಾಡಿಸುತ್ತಿದ್ದಳು. ಶೆಡ್ಡಿನ ಹ್ಯಾಮರ್ ಹಗಲೂ ಬೀಳುತ್ತಲೇ ಇತ್ತು, ಗೂಡಿನಲ್ಲಿಟ್ಟ ಲೋಟಗಳು ಅದರ ಏಟಿಗೆ ನಡುಗುತ್ತಲೇ ಇದ್ದವು. ಆದರೂ ಹ್ಯಾಮರಿನ ಸದ್ದಿಗೆ ಅಪ್ಪನಿಗೆ ಎಚ್ಚರವಾಗುವುದಿಲ್ಲ, ಮಕ್ಕಳ ದನಿಗೆ ಆಗುತ್ತದೆ ಎಂದು ಅಮ್ಮ ನಂಬಿದ್ದಳು.

ಹೀಗಾಗಿ ನಾನು ಮತ್ತು ನನ್ನ ತಮ್ಮ ಮಂಜು ದನಿಯಿಲ್ಲದೆ ಮಾತಾಡುವುದನ್ನು ಕಲಿತೆವು. ಅಡುಗೆಮನೆಯ ಹೊಸ್ತಿಲಲ್ಲಿ ಎದುರುಬದುರು ಕೂತು, ತುಟಿ ಮಾತ್ರ ಆಡಿಸಿ, ಗಂಟೆಗಟ್ಟಲೆ ಮಾತು. ಅವನು ನನಗಿಂತ ತುಂಬ ಚಿಕ್ಕವನು. ಶಾಲೆಗೆ ಸೇರುವ ಮೊದಲೇ ನನ್ನ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದ. ಸ್ವಲ್ಪವೇ ದೂರದಲ್ಲಿ ಮಂಚದ ಮೇಲೆ ಅಪ್ಪ ನಮ್ಮ ಕಡೆ ಮಗ್ಗುಲಾಗಿ ಮಲಗಿರುತ್ತಿದ್ದ. ಅವನ ಕಣ್ಣು ಪೂರ್ತಿ ಮುಚ್ಚಿರುತ್ತಿರಲಿಲ್ಲ. ಬೆಂಕಿಯ ಮುಂದೆ ನಿಲ್ಲುವವರ ಕಣ್ಣು ಹಾಗೇ ಇರುತ್ತದೆಂದು ನಾವು ತಿಳಿದಿದ್ದೆವು.

ಅಮ್ಮನಿಗೆ ಉಸಿರಿನ ತೊಂದರೆ ಇತ್ತು. ನಾನು ಏಳನೇ ಕ್ಲಾಸು ಮುಗಿಸುವ ಹೊತ್ತಿಗೆ ಅವಳಿಗೆ ಒಲೆಯ ಮುಂದೆ ಕೂರುವುದೇ ಆಗದಾಯಿತು. ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಊಟ ಬೇಕು, ಅಮ್ಮನಿಗೆ ಬಿಸಿನೀರು, ಗಂಜಿ ಬೇಕು. ಅಪ್ಪ ಒಂದು ಸಂಜೆ ಬೀಡಿ ಹಚ್ಚಿಕೊಂಡು, ನನ್ನ ಮುಖ ನೋಡದೆ ಹೇಳಿದ:

"ಶಾರಿ ಇನ್ನು ಮನೇಲಿರ್ಲಿ. ಶಾಲೆ ಸಾಕು."

ಲೈನಿನ ಮುಕ್ಕಾಲು ಮನೆಗೆ ಕೇಳುವಷ್ಟು ದೊಡ್ಡ ದನಿ. ಅಪ್ಪ ಯಾವಾಗಲೂ ಹಾಗೆಯೇ ಮಾತಾಡುತ್ತಿದ್ದ, ಉಪ್ಪು ಕೇಳಿದರೂ ಜಗಳ ತೆಗೆದಂತೆ ಇರುತ್ತಿತ್ತು. ಮಾರನೆಯ ದಿನ ಅವನು ಸೈಕಲ್ ತಳ್ಳಿಕೊಂಡು ಅಂಗಡಿಗೆ ಹೊರಟಾಗ ನಾನು ಹಿಂದೆ ಓಡಿದೆ. "ಅಪ್ಪಾ, ನಾನು ಬೆಳಿಗ್ಗೆ ಬೇಗ ಎದ್ದು ಎಲ್ಲಾ ಮಾಡಿಟ್ಟು ಹೋಗ್ತೀನಿ, ಬಿಡಿಸ್ಬೇಡ" ಎಂದೆ. ಅವನು ತಿರುಗಲಿಲ್ಲ. ಇನ್ನೂ ಹತ್ತಿರ ಹೋಗಿ ಅಪ್ಪಾ ಎಂದೆ. ಸೈಕಲ್ ಹತ್ತಿ ಹೊರಟೇಹೋದ. ಆರ್ಮುಗಂ ಮಾಮನ ಮನೆಯ ಜಗಲಿಯಲ್ಲಿ ಕೂತಿದ್ದ ಹೆಂಗಸರೆಲ್ಲ ನೋಡುತ್ತಿದ್ದರು. ಇಲ್ಲ ಅನ್ನಬಹುದಿತ್ತು, ಕೆನ್ನೆಗೆ ಎರಡು ಕೊಡಬಹುದಿತ್ತು. ನನ್ನ ಮಾತಿಗೆ ಕತ್ತು ಹೊರಳಿಸುವಷ್ಟೂ ಬೆಲೆ ಇಲ್ಲವಲ್ಲ ಎಂದು ಆ ದಿನ ಏನೋ ನನ್ನೊಳಗೆ ಗಟ್ಟಿಯಾಯಿತು.

ಆ ಸಿಟ್ಟನ್ನು ನಾನೊಬ್ಬಳೇ ಇಟ್ಟುಕೊಂಡಿದ್ದರೆ ಇದನ್ನು ಬರೆಯಬೇಕಾಗಿರಲಿಲ್ಲ. ಒಬ್ಬಳೇ ಸಿಟ್ಟಾಗಿರುವುದು ಕಷ್ಟ, ಜೊತೆ ಬೇಕು. ನನಗೆ ಸಿಕ್ಕ ಜೊತೆ ಏಳು ವರ್ಷದ ಮಂಜು. ಹೊಸ್ತಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ ನಾನು ತುಟಿಯಲ್ಲೇ ಅವನಿಗೆ ಪಾಠ ಮಾಡುತ್ತಿದ್ದೆ. ಅಪ್ಪನಿಗೆ ನಾವು ಯಾವತ್ತೂ ಬೇಕಾಗಿರಲಿಲ್ಲ. ಅಮ್ಮನಿಗೆ ಕಾಯಿಲೆ ತಂದವನು ಅವನೇ. ಅವನು ಸತ್ತರೆ ನಾವು ಮೂರು ಜನ ಗಟ್ಟಿಯಾಗಿ ಮಾತಾಡಿಕೊಂಡು ಇರಬಹುದು. ಮಂಜು ಕಣ್ಣರಳಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದ. ಮೊದಮೊದಲು ಅವನು ಒಪ್ಪುತ್ತಿರಲಿಲ್ಲ. ಅಪ್ಪ ಅವನಿಗೆ ಶೆಡ್ಡಿನಿಂದ ಸವೆದ ಬೇರಿಂಗ್ ತಂದುಕೊಡುತ್ತಿದ್ದ, ಅದರ ಗುಂಡುಗಳಲ್ಲಿ ಅವನು ಗೋಲಿ ಆಡುತ್ತಿದ್ದ. "ಅಪ್ಪಂಗೆ ನಾನಂದ್ರೆ ಇಷ್ಟ" ಎಂದು ತುಟಿ ಆಡಿಸಿದ. ಹಾಗಾದರೆ ಕರೆದು ನೋಡು ಎಂದೆ.

ಸಂಜೆ ಎದ್ದ ಮೇಲೆ ಅಪ್ಪ ಹಿತ್ತಲ ಕಲ್ಲಿನ ಮೇಲೆ ಕೂತು, ನಮಗೆ ಬೆನ್ನು ಮಾಡಿ, ಕೈಕಾಲಿಗೆ ಸೋಪು ಹಚ್ಚಿ ತಿಕ್ಕಿಕೊಳ್ಳುತ್ತಿದ್ದ. ಎಷ್ಟು ತಿಕ್ಕಿದರೂ ಉಗುರಿನ ಕಪ್ಪು ಹೋಗುತ್ತಿರಲಿಲ್ಲ. ನಾನು ಮಂಜುವನ್ನು ಬಾಗಿಲಲ್ಲಿ ನಿಲ್ಲಿಸಿದೆ. ಅವನು "ಅಪ್ಪಾ" ಎಂದ. ಅಪ್ಪ ತಿರುಗಲಿಲ್ಲ. ಇನ್ನೊಮ್ಮೆ ಕರೆದ. ಅಪ್ಪ ನೀರು ಮೊಗೆದು ಕಾಲಿಗೆ ಹಾಕಿಕೊಂಡ. ಮಂಜು ನನ್ನ ಮುಖ ನೋಡಿದ. ನೋಡಿದೆಯಾ, ಎಂದು ನಾನು ತುಟಿ ಆಡಿಸಿದೆ. ಒಂದೇ ಸಂಜೆಯ ಆಟವಾಗಿದ್ದರೆ ಮರೆತುಹೋಗುತ್ತಿತ್ತೇನೋ. ನಾನು ಅವನನ್ನು ಮತ್ತೆ ಮತ್ತೆ ಆ ಬಾಗಿಲಿಗೆ ಒಯ್ದೆ. ಅವನು ಅಳುತ್ತಾ ಬಂದು ನನ್ನ ಸೊಂಟ ತಬ್ಬಿಕೊಂಡಾಗ ನನಗೆ ಹಿತವಾಗುತ್ತಿತ್ತು. ಸುಳ್ಳು ಹೇಳಿ ಏನು ಪ್ರಯೋಜನ, ಹಿತವಾಗುತ್ತಿತ್ತು.

ಒಂದು ಸಂಜೆ ಮಾತ್ರ ಅಪ್ಪ ತಿರುಗಿದ. ಸೋಪು ಜಾರಿತೋ, ಮಂಜುವಿನ ನೆರಳು ಬಿತ್ತೋ ಗೊತ್ತಿಲ್ಲ. ತಿರುಗಿ, ಹುಡುಗ ನಿಂತದ್ದು ನೋಡಿ, ತನ್ನ ದೊಡ್ಡ ದನಿಯಲ್ಲಿ "ಏನ್ ಮಗಾ? ಬಾ ಇಲ್ಲಿ" ಎಂದು ಒದ್ದೆ ಕೈ ಚಾಚಿದ. ಮಂಜು ಹೆದರಿ ಒಳಗೆ ಓಡಿಬಂದ. ಹೆದರಿದ್ದರೂ ಅವನ ಮುಖದಲ್ಲಿ ಖುಷಿ ಇತ್ತು. "ಅಕ್ಕಾ, ಅಪ್ಪ ತಿರುಗಿದ! ಕರೆದ!" ಎಂದು ಪಿಸುಗುಟ್ಟಿದ. ಅಪ್ಪನ ಕೈ ಚಾಚಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಆದರೂ ಅವನ ಗಲ್ಲ ಹಿಡಿದು, ನನ್ನ ತುಟಿ ಚೆನ್ನಾಗಿ ಕಾಣುವಂತೆ, ನಿಧಾನವಾಗಿ ಹೇಳಿದೆ: ಹೊಡೆಯೋಕೆ ಕರೆದದ್ದು. ಆಮೇಲೆ ಮಂಜು ಆ ಬಾಗಿಲಿಗೆ ಹೋಗಲಿಲ್ಲ. ಅಪ್ಪ ಎಂದು ಕರೆಯುವುದನ್ನೂ ಬಿಟ್ಟ. ಏನಾದರೂ ಬೇಕಿದ್ದರೆ ಅಮ್ಮನ ಮೂಲಕ ಹೇಳಿಸುತ್ತಿದ್ದ. ಬೇರಿಂಗ್ ತಂದುಕೊಟ್ಟರೆ ಮುಟ್ಟದೆ ಕಿಟಕಿಯಲ್ಲಿಡುತ್ತಿದ್ದ. ಸ್ವಲ್ಪ ದಿನಕ್ಕೆ ಅಪ್ಪ ತರುವುದನ್ನು ನಿಲ್ಲಿಸಿದ.

ರಾತ್ರಿ ಊಟಕ್ಕೆ ನಾಲ್ವರೂ ಒಟ್ಟಿಗೆ ಕೂರುತ್ತಿದ್ದೆವು, ಅಪ್ಪ ಉಂಡು ಕೆಲಸಕ್ಕೆ ಹೋಗಬೇಕು. ಮುದ್ದೆ, ಸೊಪ್ಪಿನ ಸಾರು, ತಿಂಗಳ ಮೊದಲ ಭಾನುವಾರ ಭದ್ರಾ ಹೊಳೆಯ ಮೀನು. ನಾನು ಮಂಜುವಿನ ಎದುರು ಕೂತು ಅಲ್ಲೂ ತುಟಿ ಆಡಿಸುತ್ತಿದ್ದೆ. ನೋಡು ಹೇಗೆ ನುಂಗ್ತಾನೆ, ಎಮ್ಮೆ ಹಾಗೆ. ಮಂಜು ನಗು ತಡೆಯಲಾರದೆ ಕೆಮ್ಮುತ್ತಿದ್ದ. ಅಪ್ಪ ತಟ್ಟೆಯಿಂದ ತಲೆ ಎತ್ತುತ್ತಲೇ ಇರಲಿಲ್ಲ. ಮೂಗು ಸಾರಿಗೆ ತಾಗುವಷ್ಟು ಬಗ್ಗಿ ಉಣ್ಣುತ್ತಿದ್ದ. ಹೆಂಡತಿ ಮಕ್ಕಳ ಮುಖ ನೋಡಲಾರದಷ್ಟು ಗರ್ವ ಇವನಿಗೆ ಎಂದು ನಾನು ಅದನ್ನೂ ಮಂಜುವಿಗೆ ತೋರಿಸಿಕೊಟ್ಟೆ.

ಮಂಜು ಚೆನ್ನಾಗಿ ಓದಿದ. ಕಾಲೇಜಿಗೆಂದು ಶಿವಮೊಗ್ಗಕ್ಕೆ ಹೋಗಿ ದುರ್ಗಿಗುಡಿಯಲ್ಲಿ ಅಮ್ಮನ ಅಣ್ಣನ ಮನೆಯಲ್ಲಿ ಉಳಿದವನು ಮತ್ತೆ ನಮ್ಮ ಲೈನಿಗೆ ಉಳಿಯಲು ಬರಲಿಲ್ಲ. ಈಗ ವಿನೋಬನಗರದಲ್ಲಿ ಮೆಡಿಕಲ್ ಅಂಗಡಿ ಇಟ್ಟಿದ್ದಾನೆ, ಮದುವೆಯಾಗಿದೆ. ಬಸ್ಸಿನಲ್ಲಿ ಕೂತರೆ ಮುಕ್ಕಾಲು ಗಂಟೆಯ ದಾರಿ. ಅಮ್ಮ ತೀರಿಕೊಂಡಾಗ ಬಂದ, ಕಾರ್ಯ ಮುಗಿಸಿದ. ಹೊರಡುವಾಗ ಅಪ್ಪ ಅವನ ಚೀಲ ಹಿಡಿದುಕೊಂಡು, ಇನ್ನೆರಡು ದಿನ ಇರು ಎಂದ. ಮಂಜು ಅವನ ಎದುರು ನಿಂತು ಹೇಳಿದ:

"ನಿಮಗೆ ನಾವು ಯಾವತ್ತೂ ಬೇಕಾಗಿರಲಿಲ್ಲ. ಈಗ ಯಾಕೆ ನಾಟಕ?"

ಅದು ನನ್ನ ಮಾತು. ಅಪ್ಪ ಎನ್ನುವ ಪದವೊಂದನ್ನು ಬಿಟ್ಟರೆ, ನಾನು ಹೊಸ್ತಿಲಲ್ಲಿ ಕೂತು ಕಲಿಸಿದ ಮಾತು. ಅಷ್ಟು ಹೊತ್ತಿಗೆ ನನ್ನ ಸಿಟ್ಟು ಎಂದೋ ಇಳಿದುಹೋಗಿತ್ತು. ನಾನೂ ಮದುವೆಯಾಗಿ ಭದ್ರಾವತಿಯಲ್ಲೇ ಇದ್ದೆ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೆ. ದುಡಿದು ಬಂದ ಗಂಡಸು ಹೇಗಿರುತ್ತಾನೆ, ಕಾಯಿಲೆಯ ಮನೆ ನಡೆಸುವುದು ಏನು ಎಂದು ನನಗೆ ನಿಧಾನವಾಗಿ ತಿಳಿದಿತ್ತು. ಅಮ್ಮ ಹೋದ ಮೇಲೆ ದಿನವೂ ಅಪ್ಪನಿಗೆ ಊಟ ಒಯ್ಯತೊಡಗಿದೆ. ಅವನಿಗೆ ಕಿವಿ ಮಂದವಾಗುತ್ತಿದೆ ಅನ್ನಿಸಿದರೂ ವಯಸ್ಸಾಯಿತಲ್ಲ ಎಂದುಕೊಂಡೆ. ನಾನು ನನ್ನ ವಿಷ ಕಕ್ಕಿಕೊಂಡು ಹಗುರಾಗಿದ್ದೆ. ನನ್ನ ಕೈಯಿಂದ ಕುಡಿದ ಮಂಜುವಿಗೆ ಮಾತ್ರ ಅದು ಇಳಿದಿರಲಿಲ್ಲ.

ಕಳೆದ ವರ್ಷ ಅಪ್ಪ ರಿಟೈರ್ ಆದ. ಶೆಡ್ಡಿನಲ್ಲೇ ಬೀಳ್ಕೊಡುಗೆ ಇಟ್ಟಿದ್ದರು. ನಾನು ಮಂಜುವಿಗೆ ಫೋನ್ ಮಾಡಿದೆ.

"ಅಕ್ಕ, ನಿಂಗೆ ಬೇಕಾದ್ರೆ ಹೋಗು. ಆ ಮನುಷ್ಯಂಗೆ ಹಾರ ಹಾಕೋದು ನೋಡೋಕೆ ನಾನು ಬರಲ್ಲ" ಎಂದ.

"ಒಂದು ಗಂಟೆ ಬಂದು ಹೋಗೋ."

"ಕರೆದ್ರೆ ತಿರುಗಿ ನೋಡದಿರೋನ ಹತ್ರ ಏನು ಬರೋದು, ಮಾರಾಯ್ತಿ?" ಎಂದು ನಕ್ಕು ಇಟ್ಟುಬಿಟ್ಟ.

ಆ ದಿನ ಮಧ್ಯಾಹ್ನ ಹ್ಯಾಮರ್ ನಿಲ್ಲಿಸಿದ್ದರು. ಶೆಡ್ಡಿನಲ್ಲಿ ಬಾಡಿಗೆ ಕುರ್ಚಿ, ಒಂದು ಮೈಕು, ಬಾಗಿಲಿಗೆ ತೆಂಗಿನ ಗರಿಯ ತೋರಣ. ಅಪ್ಪನಿಗೆ ಪೇಟ ಕಟ್ಟಿ ನಡುವೆ ಕೂರಿಸಿದ್ದರು, ನಾನು ಮೊದಲ ಸಾಲಿನಲ್ಲಿದ್ದೆ. ಮ್ಯಾನೇಜರು ಮಾತಾಡಿದ ಮೇಲೆ ಆರ್ಮುಗಂ ಮಾಮ ಮೈಕು ಹಿಡಿದ. ಅಪ್ಪನ ಜೊತೆಯೇ ಹ್ಯಾಮರಿನಲ್ಲಿದ್ದ ಅವನು ರಿಟೈರ್ ಆಗಿ ಎರಡು ವರ್ಷವಾಗಿತ್ತು.

"ಸಾರ್, ಒಂದು ಗುಟ್ಟು ಹೇಳ್ತೀನಿ. ಇವತ್ತು ನಮ್ ರುದ್ರಣ್ಣಂಗೆ ಬಿಡುಗಡೆ ಆಯ್ತಲ್ಲ, ಇನ್ ಯಾರೇನ್ ಮಾಡ್ತೀರ? ಈ ಅಣ್ಣಂಗೆ ಕಿವಿ ಕೇಳ್ಸಲ್ಲ ಸಾರ್! ಇವತ್ತು ನೆನ್ನೆದಲ್ಲ. ಇವರ ಮಕ್ಕಳು ಚಡ್ಡಿ ಹಾಕ್ಕೊಂಡ್ ಓಡಾಡೋವಾಗ್ಲೇ ಹ್ಯಾಮರ್ ತಿಂದಾಕ್ಬಿಟ್ಟಿತ್ತು."

ಕೂತವರೆಲ್ಲ ನಕ್ಕರು. ಅಪ್ಪ ನಾಚಿಕೊಂಡು ಮಾಮನಿಗೆ ಕೈ ಬೀಸಿದ, ಸಾಕು ಬಿಡು ಎನ್ನುವಂತೆ.

"ಬಿಡಲ್ಲ ಹೋಗಣ್ಣಾ! ಗೊತ್ತಾಗಿದ್ರೆ ಹ್ಯಾಮರಿಂದ ತೆಗೆದು ಕಸ ಗುಡ್ಸೋಕೆ ಹಾಕ್ತಿದ್ರು, ಅರ್ಧ ಸಂಬಳ. ಮನೇಲಿ ಅಕ್ಕಂಗೆ ಉಸಿರಿಗೆ ಮಾತ್ರೆ. ಅದ್ಕೆ ಮನೇಲೂ ಹೇಳ್ಲಿಲ್ಲ, ಲೈನಲ್ಲಿ ಗುಟ್ಟು ನಿಲ್ಲುತ್ತಾ? ಆದ್ರೆ ನಮ್ಗೆಲ್ಲ ಇಲ್ಲಿ ಬಾಯಿ ನೋಡೇ ಮಾತು, ಈ ಸದ್ದಲ್ಲಿ ಯಾರ ಕಿವಿ ಇದ್ದು ಏನ್ ಬಂತು? ರುದ್ರಣ್ಣ ಅದ್ರಲ್ಲಿ ಕಿಲಾಡಿ. ಆ ಮೂಲೇಲಿ ಸೂಪರ್ವೈಜರು ಬಾಯೊಳಗೇ ಬೈಕೊಂಡ್ರೆ ಈ ಮೂಲೇಲಿ ನಮ್ಗೆ ಹೇಳ್ತಿದ್ದ, ಲೋ, ನಿಮ್ಮವ್ವನ್ನ ಬೈದ ಕಣೋ ಅಂತ!"

ಜನ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಹಿತ್ತಲ ಕಲ್ಲಿನ ಮೇಲೆ ಕೂತ ಬೆನ್ನು ಯಾಕೆ ತಿರುಗಲಿಲ್ಲವೆಂದು ತಿಳಿಯಿತು. ಗಂಟೆಯ ನಾಲಿಗೆಗೆ ಅರಿವೆ ಸುತ್ತಿ ನಾವು ಕಾಪಾಡಿದ ಮೌನವೆಲ್ಲ ಕಿವಿ ಕೇಳದವನಿಗಾಗಿ. ಅವನಿಂದ ಬಚ್ಚಿಟ್ಟುಕೊಂಡು ತುಟಿಯಲ್ಲಿ ಆಡಿದ ಮಾತು ಮಾತ್ರ ಅವನಿಗೆ ನೇರವಾಗಿ ಮುಟ್ಟುತ್ತಿತ್ತು. ಅಮ್ಮನಿಗೆ ಇದು ಗೊತ್ತಿತ್ತೋ ಇಲ್ಲವೋ, ಕೇಳಲು ಅವಳಿಲ್ಲ. ಅಷ್ಟರಲ್ಲಿ ಯಾರೋ, ಮಗಳು ಎರಡು ಮಾತಾಡಲಿ ಎಂದು ನನ್ನನ್ನು ಎಬ್ಬಿಸಿ ಮೈಕಿನ ಮುಂದೆ ನಿಲ್ಲಿಸಿದರು.

ಅಪ್ಪ ನನಗೆ ಎದುರಾಗಿ ಕೂತಿದ್ದ. ನಾನು ಮನೆಯಲ್ಲಿ ನಾಲ್ಕು ಸಾಲು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅದೆಲ್ಲ ಮರೆತುಹೋಗಿ, ಬಂದದ್ದನ್ನು ಹೇಳಿದೆ.

"ಅಪ್ಪಾ, ನೀನು ಆ ಹ್ಯಾಮರ್ ಕೆಳಗೆ ನಿಂತಿದ್ದಕ್ಕೆ ಅಮ್ಮ ಅಷ್ಟು ವರ್ಷ ಉಸಿರಾಡಿದ್ಲು. ನಾವು ಉಂಡಿದ್ದು ನಿನ್ನ ಅನ್ನ. ನಿಂಗೆ ಯಾವತ್ತೂ ಹೇಳಿಲ್ಲ, ಇವತ್ತು ಹೇಳ್ತಿದ್ದೀನಿ. ನಿನ್ನ ಋಣ ದೊಡ್ಡದು."

ನಾನು ಬಾಯಿ ತೆರೆದ ಕ್ಷಣವೇ ಅಪ್ಪ ತಲೆ ತಗ್ಗಿಸಿಬಿಟ್ಟಿದ್ದ. ಪೇಟ ಮುಂದಕ್ಕೆ ಜಾರಿ ಹಣೆ ಮುಚ್ಚಿತು. ಮುದ್ದೆಯ ತಟ್ಟೆಯ ಮೇಲೆ ಬಗ್ಗುತ್ತಿದ್ದ ಹಾಗೆಯೇ, ಮಡಿಲಲ್ಲಿದ್ದ ಹಣ್ಣಿನ ಬುಟ್ಟಿಯ ಮೇಲೆ ಬಗ್ಗಿ ಕೂತ. ನನ್ನ ಬಾಯಿಂದ ತನಗೆ ಏನು ಬರುತ್ತದೆ ಎನ್ನುವುದು ಅವನಿಗೆ ಅಭ್ಯಾಸವಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕಪಕ್ಕದವರ ಕೈ ಆಡುವುದು ಕಂಡ ಮೇಲೆ ತಲೆ ಎತ್ತಿ, ಎಲ್ಲರಿಗೂ ಕೈ ಮುಗಿದ. ನನ್ನ ಕೃತಜ್ಞತೆಯ ಒಂದು ಮಾತೂ ಅವನನ್ನು ಮುಟ್ಟಲಿಲ್ಲ.

ಸಂಜೆ ಮನೆಗೆ ಕರೆತಂದು ಮಂಚದ ಮೇಲೆ ಕೂರಿಸಿ, ಎದುರಿಗೆ ನೆಲದಲ್ಲಿ ಕೂತೆ.

"ನಾವು ಸಣ್ಣವರಿದ್ದಾಗ ಬಾಯಲ್ಲೇ ಆಡ್ಕೊಳ್ತಿದ್ವಲ್ಲ, ನಿಂಗೆಲ್ಲ ಗೊತ್ತಾಗ್ತಿತ್ತಾ?"

ಅಪ್ಪ ಹಾರದ ಎಸಳು ಕೀಳತೊಡಗಿದ.

"ಮಂಜಂದು ಬಾಯಿ ಸಣ್ಣದು, ಅವಂದು ಅಷ್ಟು ತಿಳೀತಿರ್ಲಿಲ್ಲ. ನಿಂದು ಚೆನ್ನಾಗಿ ತಿಳೀತಿತ್ತು."

"ಬೈಬೇಕಿತ್ತು. ಹೊಡೀಬೇಕಿತ್ತು."

"ಶಾಲೆ ಬಿಡಿಸಿದ್ನಲ್ಲ ನಿನ್ನ. ಅಷ್ಟಾದ್ರೂ ಅಂದ್ಕೊಳ್ಲಿ ಅಂತ ಬಿಟ್ಟೆ."

ಶಾಲೆ ಬಿಡಿಸಿದ್ದು ಸುಳ್ಳಲ್ಲ. ಆ ಕಹಿ ನನ್ನಲ್ಲಿ ಇಂದಿಗೂ ಇದೆ, ಅದನ್ನು ಅವನೂ ಇಲ್ಲವೆನ್ನಲಿಲ್ಲ. ಆದರೆ ಆ ಲೆಕ್ಕ ನನ್ನದು ಮತ್ತು ಅವನದು. ಮಂಜುವಿಗೂ ಅದಕ್ಕೂ ಏನು ಸಂಬಂಧ? ಮಾರನೆಯ ದಿನ ಬೆಳಿಗ್ಗೆಯೇ ಶಿವಮೊಗ್ಗದ ಬಸ್ಸು ಹತ್ತಿದೆ. ಇದನ್ನೆಲ್ಲ ಹೇಳಿದರೆ ಅವನು ಓಡಿಬರುತ್ತಾನೆ, ಸಂಜೆಯ ಬಸ್ಸಿಗೆ ಇಬ್ಬರೂ ವಾಪಸ್ ಎಂದು ದಾರಿಯುದ್ದಕ್ಕೂ ಎಣಿಸಿಕೊಂಡೆ.

ಮಂಜು ಅಂಗಡಿಗೆ ಹೊರಡುವ ಗಡಿಬಿಡಿಯಲ್ಲಿದ್ದ. ಕಿವಿಯ ವಿಷಯ ಹೇಳಿದಾಗ ಬೈಕಿನ ಕೀ ಹಿಡಿದು ನಿಂತೇ ಕೇಳಿದ.

"ಸರಿ. ಕಿವುಡ ಅಂತ ನಂಗೂ ಗೊತ್ತಿರ್ಲಿಲ್ಲ, ನಿಂಗೂ ಗೊತ್ತಿರ್ಲಿಲ್ಲ. ನೀನೂ ಚಿಕ್ಕೋಳೇ. ಅದಕ್ಕೆ ಯಾಕೆ ಹೀಗೆ ಅಳ್ತೀಯ?"

ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ತಿಳಿಯದೆ ಆದ ತಪ್ಪು ಎಂದು ಇಬ್ಬರೂ ಕಾಫಿ ಕುಡಿದು ಏಳಬಹುದಿತ್ತು. ಆದರೆ ಅದು ಪೂರ್ತಿ ನಿಜವಲ್ಲವಲ್ಲ.

"ಒಂದ್ಸಲ ತಿರುಗಿದ್ದ ಮಂಜು. ಬಾ ಮಗಾ ಅಂತ ನಿನ್ನ ಕರೆದಿದ್ದ, ಕೈ ಚಾಚಿದ್ದ. ನಾನು ನೋಡಿದ್ದೆ. ನೀನು ಖುಷಿಯಾಗಿ ಬಂದು ಹೇಳಿದಾಗ, ಹೊಡೆಯೋಕೆ ಕರೆದದ್ದು ಅಂತ ನಾನೇ ಹೇಳ್ದೆ. ಬೇಕಂತಲೇ ಹೇಳ್ದೆ."

ಮಂಜು ಕೂತ.

"ಅಪ್ಪ ತಿರುಗಿದ್ನಾ?" ಎಂದ. ಆಮೇಲೆ ಮತ್ತೆ, "ನನ್ನ ನೋಡಿ ತಿರುಗಿದ್ನಾ? ನಂಗೆ ನೆನಪೇ ಇಲ್ಲವಲ್ಲೇ."

ಅವನ ಹೆಂಡತಿ ಕಾಫಿ ತಂದಿಟ್ಟು ನಮ್ಮ ಮುಖ ನೋಡಿ ಒಳಗೆ ಹೋದಳು. ನಾನು, ನಡಿ, ಈಗಲೇ ಹೋಗೋಣ, ಅಪ್ಪ ಕಾಯ್ತಿದ್ದಾನೆ ಎಂದೆ.

"ಯಾವ ಮುಖ ಇಟ್ಕೊಂಡು ಹೋಗ್ಲಿ? ಅಮ್ಮನ ಕಾರ್ಯದ ದಿನ ಎದುರು ನಿಂತು ಅಂಥಾ ಮಾತು ಅಂದೆ. ಸಿಟ್ಟಿದ್ದಾಗ ನಂಗೆ ಒಂದು ನ್ಯಾಯ ಇತ್ತು. ಅದನ್ನೂ ಕಿತ್ಕೊಂಡೆಯಲ್ಲ. ನೀನು ದಿನಾ ಊಟ ಒಯ್ದು ಒಳ್ಳೆಯವಳಾದೆ. ನಂಗೆ ಯಾಕೆ ಆಗ್ಲೇ ಬಂದು ಹೇಳ್ಲಿಲ್ಲ? ಇಷ್ಟು ವರ್ಷ ನಾನು ಯಾರ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ ಅಕ್ಕ?"

ಅಮ್ಮನ ಕಾರ್ಯದ ದಿನವೇ ಅವನ ಬಾಯಲ್ಲಿ ನನ್ನ ಮಾತು ಕೇಳಿಸಿತ್ತು, ಆಗಲೇ ಹೇಳಬಹುದಿತ್ತು. ಅವನಿಗೆ ನಾನೊಬ್ಬಳೇ ಬೇಕಾದವಳು ಎನ್ನುವುದು ಹೋಗಿಬಿಡುತ್ತದಲ್ಲ ಎಂದು ಸುಮ್ಮನಿದ್ದೆ. ಅವನು ಎದ್ದು ಬಾಗಿಲು ತೆರೆದು ಹಿಡಿದ.

"ಇನ್ಮೇಲೆ ಇಲ್ಲಿಗೆ ಬರ್ಬೇಡ. ಫೋನೂ ಮಾಡ್ಬೇಡ."

ಭದ್ರಾವತಿಗೆ ಬಂದಾಗ ಅಪ್ಪ ಕೆಲಸವಿಲ್ಲದ ಮೊದಲ ಹಗಲನ್ನು ಹೇಗೆ ಕಳೆಯುವುದೆಂದು ತಿಳಿಯದೆ ಜಗಲಿಯಲ್ಲಿ ಕೂತಿದ್ದ. ಅವನ ಎದುರು ಕೂತು ನಡೆದದ್ದೆಲ್ಲ ಹೇಳಿದೆ. ಏನನ್ನೂ ಮುಚ್ಚಲಿಲ್ಲ, ಹಿತ್ತಲ ಬಾಗಿಲಿನ ಆಟವನ್ನೂ ಹೇಳಿದೆ. ಅದು ಅವನಿಗೆ ಗೊತ್ತಿರಲಿಲ್ಲ, ಬೆನ್ನ ಹಿಂದೆ ನಡೆದದ್ದು. ಒಮ್ಮೆ ತಿರುಗಿದಾಗ ಹುಡುಗ ಯಾಕೆ ಓಡಿದನೆಂದೂ ಅವನಿಗೆ ಇಷ್ಟು ವರ್ಷ ತಿಳಿದಿರಲಿಲ್ಲ. ಈ ಸಲ ತಲೆ ತಗ್ಗಿಸದೆ ನನ್ನ ಬಾಯಿಯನ್ನೇ ನೋಡುತ್ತಾ ಕೊನೆಯವರೆಗೂ ಕೇಳಿಸಿಕೊಂಡ. ಬೈಯುತ್ತಾನೆ ಎಂದು ಕಾದೆ. ಬೈದರೆ ಸಾಕಾಗಿತ್ತು.

"ನೀನು ಯಾಕೆ ಹೇಳೋಕೆ ಹೋದೆ ಶಾರಿ?" ಎಂದ. ಅದೇ ದೊಡ್ಡ ದನಿ, ಲೈನಿಗೆಲ್ಲ ಕೇಳಿಸುವಂತೆ. "ಅವನಿಗೆ ನನ್ನ ಮೇಲೆ ಸಿಟ್ಟಿತ್ತು, ನಾನು ತಡ್ಕೊಂಡು ಇದ್ದೆ. ಅಕ್ಕ ಇದ್ದಾಳೆ ಅವನಿಗೆ ಅಂತ ಇದ್ದೆ. ಈಗ ಅವನಿಗೆ ಯಾರಿದ್ದಾರೆ?"